ಅಳುಮುಂಜಿ ಪಾಂಡಾ ಬರೆದವಳು

ಉಎನೊ ಮೃಗಾಲಯಕ್ಕೆ ಚೀನಾದಿಂದ ಎರಡು ಪಾಂಡಾ ಬಂದ ವರ್ಷ ಟೋಕಿಯೊಗೆ ತಲೆ ಕೆಟ್ಟಿತ್ತು ಎಂದರೆ ತಪ್ಪಿಲ್ಲ. ಊಟದ ಡಬ್ಬಿ, ಛತ್ರಿ, ಕೊನೆಗೆ ಹಲ್ಲುಜ್ಜುವ ಬ್ರಷ್ಷಿನ ಮೇಲೂ ಪಾಂಡಾ. ಅದಕ್ಕೆ ಮೊದಲೂ ಒಬ್ಬಿಬ್ಬರು ಚಿತ್ರಗಾರರು ಹೊರದೇಶದ ಪತ್ರಿಕೆಗಳ ಫೋಟೊ ನೋಡಿ ಹುಡುಗಿಯರ ಮಾಸಿಕಗಳಿಗೆ ಪಾಂಡಾ ಬರೆದಿದ್ದರು. ಆಗ ಅದನ್ನು ಕರಡಿ ಎಂದವರೇ ಹೆಚ್ಚು. ಈಗ ನಮ್ಮ ಕುರಾಮಾಎಯ ಸಗಟು ಬೀದಿಯಲ್ಲಿ ಪಾಂಡಾ ಇಲ್ಲದವನು ಅಂಗಡಿ ಬಾಗಿಲು ಹಾಕಬೇಕು ಅನ್ನುವ ಹಾಗಾಯಿತು. ಆ ಅವಸರದಲ್ಲಿ ಪ್ರಾಣಿಯನ್ನು ಸರಿಯಾಗಿ ನೋಡುವ ಪುರುಸೊತ್ತು ಯಾರಿಗಿತ್ತು? ಕಿವಿ ಕಪ್ಪು, ಕಾಲು ಕಪ್ಪು, ಹಾಗಾದರೆ ಬಾಲವೂ ಕಪ್ಪೇ ಇರಬೇಕೆಂದು ಬೀದಿಗೆ ಬೀದಿಯೇ ಕಪ್ಪು ಬಾಲ ಬರೆಯಿತು. ಬಾಲ ಬಿಳಿ ಎಂದು ಗೊತ್ತಾಗುವ ಹೊತ್ತಿಗೆ ಮಾಲೆಲ್ಲ ಖರ್ಚಾಗಿತ್ತು.

ಓಕುಬೊ ಎಂಬ ಯಜಮಾನನ ಅಂಗಡಿಯಲ್ಲಿ ಕರವಸ್ತ್ರ, ಪೆನ್ಸಿಲ್ ಡಬ್ಬಿಗಳಿಗೆ ಚಿತ್ರ ಬರೆಯುತ್ತಿದ್ದವಳು ತಾನಿಗುಚಿ ಮಸಾಯೊ. ನೀಗಾತದ ಹಿಮದ ಊರಿನವಳು, ವಯಸ್ಸು ಇಪ್ಪತ್ತೆಂಟು, ಮಾತು ಕಡಿಮೆ. ಯಜಮಾನ ಅವಳನ್ನು ಪಾಂಡಾ ನೋಡಿಕೊಂಡು ಬಾ ಎಂದು ಕಳಿಸಿದ. ಅರ್ಧ ದಿನ ಸಾಲಿನಲ್ಲಿ ನಿಂತವಳಿಗೆ ಗಾಜಿನ ಮುಂದೆ ಸಿಕ್ಕಿದ್ದು ಒಂದು ಗಳಿಗೆ. "ನಿಲ್ಲಬೇಡಿ, ಮುಂದೆ ನಡೀರಿ" ಎಂದು ಕಾವಲಿನವರು ತಳ್ಳುತ್ತಿದ್ದರು. ಜೋಡಿ ಜೋಡಿ ಎಂದು ಊರೆಲ್ಲ ಹಾಡುತ್ತಿತ್ತಲ್ಲ, ಆ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟಿದ್ದರು. ಅವಳು ಕಂಡದ್ದು ಕಾಲು ಚಾಚಿ ಕೂತ ಒಂದನ್ನು. ಅಷ್ಟು ಜನರ ನಡುವೆ ಯಾರ ಕಡೆಗೂ ನೋಡದೆ ಅದು ಬಿದಿರೆಲೆ ತಿನ್ನುತ್ತಿತ್ತು. ಮಸಾಯೊ ಮರಳಿ ಬಂದು ಅದನ್ನೇ ಬರೆದಳು. ಕಣ್ಣಿನ ಕಪ್ಪು ಕೆಳಗೆ ಜೋತಿತ್ತು, ಬಾಯಿ ಎಳ್ಳಿನಷ್ಟು.

"ಜೊತೆ ಎಲ್ಲಮ್ಮ? ಎಲ್ರೂ ಎರಡೆರಡು ಬರೀತಿದಾರೆ," ಎಂದ ಯಜಮಾನ.

"ಇದಕ್ಕೆ ಜೊತೆ ಇಲ್ಲ."

"ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ. ಅಳುಮುಂಜಿ ಥರ ಕೂತಿದೆಯಲ್ಲ ಇದು. ದುಡ್ಡು ಕೊಟ್ಟು ಯಾರಾದ್ರೂ ಅಳು ಕೊಂಡ್ಕೊಳ್ತಾರಾ?"

ಕೊಂಡುಕೊಂಡರು. ಶಾಲೆಯ ಹುಡುಗಿಯರು ಅದನ್ನು ಕಂಡರೆ ಬಿಡುತ್ತಲೇ ಇರಲಿಲ್ಲ. ನಗುವ ಪಾಂಡಾಗಳು ಪಕ್ಕದಂಗಡಿಯಲ್ಲಿ ಧೂಳು ತಿನ್ನುವಾಗ ಅಳುಮುಂಜಿ ಮತ್ತೆ ಮತ್ತೆ ಅಚ್ಚಾಯಿತು. ನಮ್ಮ ಕಸುಬಿನಲ್ಲಿ ಬರೆದವರ ಹೆಸರು ಹಾಕುವ ರೂಢಿಯಿಲ್ಲ. ಮೂಲೆಯಲ್ಲಿ ಅಂಗಡಿಯ ಹೆಸರಷ್ಟೇ. ಮಸಾಯೊ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಬರೆಯುವವಳು ತಾನೇ ಆಗಿದ್ದರೆ ಸಾಕಿತ್ತು.

ಯೊಕೊಹಾಮಾದಿಂದ ಅಚ್ಚಿನ ಮಾದರಿ ತರುತ್ತಿದ್ದವನು ಕಿತಾಮುರಾ. ಮಾದರಿ ತೋರಿಸಿದ ಮೇಲೂ ಏನಾದರೊಂದು ನೆಪ ಹುಡುಕಿ ನಿಲ್ಲುತ್ತಿದ್ದ. ಒಂದು ಮಧ್ಯಾಹ್ನ ಸೋಬಾ ಶಾವಿಗೆಯ ಅಂಗಡಿಯಲ್ಲಿ ಬಟ್ಟಲು ನೋಡುತ್ತಲೇ ಕೇಳಿದ: "ನನ್ನ ಮನೆ ಚಿಕ್ಕದು. ಆದ್ರೆ ಕಿಟಕಿ ಹತ್ರ ನಿಮ್ಮ ಮೇಜು ಹಿಡಿಯುತ್ತೆ. ಅಳತೆ ಮಾಡ್ದೆ."

ಮಸಾಯೊಗೆ ಸಂತೋಷವಾಯಿತು, ಸುಳ್ಳೇಕೆ. ಆದರೆ ಮದುವೆಯಾದ ಹೆಣ್ಣು ಅಂಗಡಿ ಬಿಡುವುದು ಆಗಿನ ಪದ್ಧತಿ. ಹೂಗುಚ್ಛ ಕೊಟ್ಟು, ಚಪ್ಪಾಳೆ ತಟ್ಟಿ, ಮರುದಿನವೇ ಅವಳ ಮೇಜಿಗೆ ಇನ್ನೊಬ್ಬಳನ್ನು ಕೂರಿಸುತ್ತಿದ್ದರು. ಮನೆಯಿಂದಲೇ ಬರೆದುಕೊಡಲೇ ಎಂದು ಕೇಳಿದಳು. ಯಜಮಾನ ನಕ್ಕುಬಿಟ್ಟ. "ಪಾಂಡಾ ಅಂಗಡೀದಮ್ಮ. ಗಂಡನ ಮನೆಗೆ ಬಳುವಳಿ ಕೊಡೋಕಾಗುತ್ತಾ?"

ಆ ಕಣ್ಣಿನ ಕಪ್ಪನ್ನು ಬೇರೊಂದು ಕೈ ತುಂಬುವುದನ್ನು ನೆನೆದು ಅವಳಿಗೆ ನಿದ್ದೆ ಹತ್ತಲಿಲ್ಲ. ಕಿತಾಮುರಾಗೆ ಆಗುವುದಿಲ್ಲ ಎಂದಳು.

"ಒಂದು ಕರಡಿಗೋಸ್ಕರ ನನ್ನ ಬೇಡ ಅಂತೀರಾ?" ಎಂದು ಅವನು ನಗಲು ನೋಡಿದ.

"ಅದು ಕರಡಿ ಅಲ್ಲ," ಎಂದಳು. ಬೇರೆ ಏನಾದರೂ ಹೇಳಬಹುದಿತ್ತು. ಬಾಯಿಗೆ ಬಂದದ್ದು ಅಷ್ಟೇ. ಮುಂದಿನ ವಾರದಿಂದ ಮಾದರಿ ತರಲು ಬೇರೊಬ್ಬ ಬಂದ.

ಹುಚ್ಚು ಎಷ್ಟು ದಿನ ಇದ್ದೀತು? ಬೆಕ್ಕು ಬಂತು, ಮೊಲ ಬಂತು, ಸ್ಟ್ರಾಬೆರಿ ಬಂತು. ಉಎನೊದ ಆ ಎರಡು ಪಾಂಡಾಗಳು ಒಂದರ ಹಿಂದೊಂದು ತೀರಿಕೊಂಡವು. ಆಸ್ಟ್ರೇಲಿಯಾದ ಕೊಆಲಾ ಬಂದಾಗ ಅಳುಮುಂಜಿ ಕಪಾಟು ಸೇರಿತು. ಮಸಾಯೊ ಕೊಆಲಾ ಬರೆದಳು. ಟ್ರಾಮ್ ಹಳಿಯ ಪಕ್ಕದ ಒಂಟಿ ಕೋಣೆಗೆ ಹೋಗಿ ಒಬ್ಬಳಿಗೆ ಅನ್ನ ಮಾಡಿಕೊಂಡಳು. ಹೊಸವರ್ಷಕ್ಕೆ ತಾಯಿ ಫೋನಿನಲ್ಲಿ, "ಇನ್ನೂ ಆ ಪ್ರಾಣೀನೇ ಬರೀತಿದೀಯಾ?" ಎಂದರೆ "ಹೂಂ" ಎಂದು ಸುಳ್ಳು ಹೇಳುತ್ತಿದ್ದಳು. ಮೊದಲೂ ಒಬ್ಬಳೇ ಇದ್ದವಳು. ಆಗ ಅದು ಭಾರ ಅನಿಸಿರಲಿಲ್ಲ. ಈಗ ಅನಿಸುತ್ತಿತ್ತು.

ಅವಳಿಗೆ ನಲವತ್ತೆರಡಾದ ಬೇಸಿಗೆಯಲ್ಲಿ ಉಎನೊದಲ್ಲಿ ಪಾಂಡಾ ಮರಿ ಹುಟ್ಟಿತು. ಊರು ಮತ್ತೆ ಕುಣಿಯಿತು. ಅಂಗಡಿ ಈಗ ಮಗ ಓಕುಬೊನ ಕೈಯಲ್ಲಿತ್ತು. "ಅಳುಮುಂಜೀನ ವಾಪಸ್ ತರೋಣ ತಾನಿಗುಚಿ ಸಾನ್," ಎಂದ. ಆ ಸಂಜೆ ಅವಳು ಕೆಂಡದಲ್ಲಿ ಸುಟ್ಟ ಹಾವುಮೀನು ಕೊಂಡು ಹಬ್ಬದಂತೆ ಉಂಡಳು. ಬೆಳಗ್ಗೆ ಅವನು ಮಾತು ಮುಗಿಸಿದ: "ಬರೆಯೋದು ಮಾತ್ರ ಹೊಶಿನೊ. ಮಕ್ಕಳ ಸಾಮಾನಿಗೆ ಎಳೇ ಕೈ ಬೇಕು. ನೀವು ಅವಳ ಕೈ ತಿದ್ದಿ."

ಹೊಶಿನೊ ಚಿಹಾರು ಅಕಿತಾದಿಂದ ಆಗಷ್ಟೇ ಬಂದ ಹುಡುಗಿ. ಮಧ್ಯಾಹ್ನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಬ್ರೆಡ್ ತಿನ್ನುವವಳು. ಕೈ ದಾಟಿಸುವುದಕ್ಕೆ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು: ಹಳಬಳದ್ದು, ಹೊಸಬಳದ್ದು ಎರಡು ಹಾಳೆ ಪಕ್ಕ ಪಕ್ಕ ಇಟ್ಟು, ಹಳಬಳು ತನ್ನದನ್ನು ಗುರುತಿಸಬೇಕು. ಗುರುತು ಹಿಡಿಯುವಷ್ಟು ದಿನ ಚಿತ್ರ ಅವಳದ್ದೇ, ತಪ್ಪಿದರೆ ಹೊಸಬಳದ್ದು. ಮಸಾಯೊ ಅದನ್ನೇ ನೆಚ್ಚಿಕೊಂಡಳು. ಹೆತ್ತವಳಿಗೆ ತನ್ನ ಮಗು ಗೊತ್ತಾಗದೆ ಹೋದೀತೆ? ಹಾಗಾಗಿ ಒಂದನ್ನೂ ಮುಚ್ಚಿಡದೆ ಕಲಿಸಿದಳು.

"ಇದು ನಗ್ತಿದೆ ನೋಡು. ಅಳಿಸು."

"ನಾನಂತೂ ನಗ್ತಿಲ್ಲ ತಾನಿಗುಚಿ ಸಾನ್," ಎನ್ನುತ್ತಿದ್ದಳು ಹುಡುಗಿ. "ಇದನ್ನ ಬರೆಯೋವಾಗ ನೀವು ಏನು ಯೋಚ್ನೆ ಮಾಡ್ತೀರಿ?"

"ಏನೂ ಇಲ್ಲ. ಕೈ ತಾನೇ ಬರೆಯುತ್ತೆ."

ಅಕ್ಟೋಬರಿನ ಒಂದು ಬೆಳಗ್ಗೆ ಎಲ್ಲರೂ ಉದ್ದನೆಯ ಮೇಜಿನ ಸುತ್ತ ಸೇರಿದರು. ಎರಡು ಹಾಳೆಗಳಿದ್ದವು. ಎಡಗಡೆಯದು ಅಚ್ಚುಕಟ್ಟಾಗಿತ್ತು, ಒಂದು ಗೆರೆ ತಪ್ಪಿಲ್ಲ, ಕಾಲು ಚಾಚಿಕೊಂಡು ಆರಾಮಾಗಿ ಕೂತಿತ್ತು. ಬಲಗಡೆಯದನ್ನು ನೋಡಿದ್ದೇ ಮಸಾಯೊ ಮೇಜಿನ ಮೇಲೆ ಬಾಗಿದಳು. ಅದಕ್ಕೆ ನಿಜವಾಗಿಯೂ ಯಾರೂ ಇರಲಿಲ್ಲ.

"ಇದು ನಂದು," ಎಂದು ಬಲಗಡೆಯದರ ಮೇಲೆ ಬೆರಳಿಟ್ಟಳು.

ಅದು ಹುಡುಗಿ ಬರೆದದ್ದಾಗಿತ್ತು. ಚಿಹಾರು ಸೊಂಟ ಬಾಗಿಸಿ ವಂದಿಸಿದವಳು ತಲೆ ಎತ್ತಲೇ ಇಲ್ಲ. ಮಗ ಓಕುಬೊ ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಆಯ್ತು, ನಾಳೆಯಿಂದ ಹೊಶಿನೊ," ಎಂದ.

ಜನ ಕರಗಿದ ಮೇಲೂ ಮಸಾಯೊ ಎಡಗಡೆಯ ಹಾಳೆ ನೋಡುತ್ತಾ ನಿಂತಳು. ಅದು ಅಳುತ್ತಿರಲಿಲ್ಲ. ಒಂಟಿಯಾಗಿರುವುದು ಅದಕ್ಕೆ ಎಂದೋ ಅಭ್ಯಾಸವಾಗಿ ಹೋಗಿತ್ತು, ಅವಳಿಗದು ಗೊತ್ತೇ ಆಗಿರಲಿಲ್ಲ.

"ಕ್ಷಮಿಸಿ ತಾನಿಗುಚಿ ಸಾನ್," ಎಂದಳು ಚಿಹಾರು.

"ಯಾಕೆ? ಚೆನ್ನಾಗಿ ಬರೆದಿದೀಯ." ಮಸಾಯೊ ತನ್ನ ಕುಂಚ ಒರೆಸಿ ಹುಡುಗಿಯ ಕೈಗೆ ಕೊಟ್ಟಳು. "ಒಂದು ಮಾತು ಕೇಳು. ಯಾರಾದ್ರೂ ಬಾ ಅಂತ ಕರೆದ್ರೆ, ಹೋಗ್ಬಿಡು."