ನಾಮಕರಣದ ಅಂಕಲ್

ಅಮೆರಿಕದ ಆಶ್‌ಬರ್ನ್‌ನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿನಲ್ಲಿದ್ದ ಅಂಕಲ್ ದೊಡ್ಡ ಸಲಹೆಗಾರರು. ಎಲ್ಲ ದೇಶದ ಸಂಶೋಧಕರಿಗೂ ತೆರೆದಿರಲಿ ಎಂದು ಯುರೋಪಿನ ಸರ್ಕಾರಗಳು ಕಟ್ಟಿಸುವ ಡಿಜಿಟಲ್ ಮಾಹಿತಿ ಭಂಡಾರಗಳಿಗೆ ಇವರು ಇಲ್ಲಿ ಕೂತು ನೀತಿ ಬರೆದುಕೊಡುತ್ತಿದ್ದರು. ನೀತಿ ಎಂದರೆ ಮುಖ್ಯವಾಗಿ ಭಂಡಾರಕ್ಕೊಂದು ಹೆಸರು. ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳಾಡಿಸುತ್ತಾ ಇಂಗ್ಲಿಷ್ ಅಕ್ಷರಗಳನ್ನು ಜೋಡಿಸುತ್ತಿದ್ದರು.

"ಹೆಸರು ಕ್ಯಾಚಿ ಆಗಿದ್ರೆ ಫಂಡಿಂಗ್ ತಾನಾಗೇ ಬರುತ್ತೆ ರೀ!"

ಬರುತ್ತಲೂ ಇತ್ತು. ಬಂದಾಗಲೆಲ್ಲ ಸುತ್ತಲಿನ ಕನ್ನಡಿಗರನ್ನು ಕರೆದು, ಆಂಟಿಯಿಂದ ಕೇಸರಿಬಾತ್ ಮಾಡಿಸಿ, ಮನೆಯಲ್ಲಿ ಕೂಸು ಹುಟ್ಟಿದಂತೆ ನಾಮಕರಣ ನಡೆಸುತ್ತಿದ್ದರು. ಆ ಕೂಸಿಗೆ ನಾಳೆ ಹಾಲು ಕುಡಿಸುವವರು ಯಾರು ಎಂದು ಮಾತ್ರ ಯಾರೂ ಕೇಳಬಾರದು. ಕಟ್ಟುವುದಕ್ಕೆ ದುಡ್ಡಿರುತ್ತಿತ್ತು, ನಡೆಸುವುದಕ್ಕೆ ಇರುತ್ತಿರಲಿಲ್ಲ.

ನನ್ನ ಹೆಂಡತಿ ನದಿನೀರಿನ ಬಗ್ಗೆ ಸಂಶೋಧನೆ ಮಾಡುವವಳು. ಅಂಕಲ್ ಹೆಸರಿಟ್ಟ ಒಂದು ಭಂಡಾರದಲ್ಲಿದ್ದ ಅಳತೆಗಳನ್ನೇ ನಂಬಿ ಅಧ್ಯಯನ ಶುರು ಮಾಡಿದ್ದಳು. ಒಂದು ಬೆಳಿಗ್ಗೆ ಅದು ತೆರೆಯಲೇ ಇಲ್ಲ. ಅಂದು ಸಂಜೆ ಪಕ್ಕದ ಮನೆಯಲ್ಲಿ ಹೊಸದೊಂದರ ನಾಮಕರಣ. ಹೋದವಳು ಹಳೆಯದು ಏನಾಯಿತೆಂದು ನೇರವಾಗಿ ಕೇಳಿದಳು.

"ಅಯ್ಯೋ, ಅದರ ಫಂಡಿಂಗ್ ಮುಗೀತಮ್ಮಾ," ಎಂದರು ಅಂಕಲ್. "ಅದನ್ನೇ ಹೊಸದಾಗಿ ಲಾಂಚ್ ಮಾಡ್ತಿದೀವಿ. ಹೆಸರು ಕೇಳು, ಇನ್ನೂ ಸೂಪರ್ ಆಗಿದೆ! ಮೊದಲು ಕೇಸರಿಬಾತ್ ತಗೋ."

"ಹಳೇದು ಸತ್ತು ಒಂದು ದಿನ ಆಗಿಲ್ಲ ಅಂಕಲ್," ಎಂದಳು ಇವಳು. "ಸೂತಕದ ಮನೇಲಿ ನಾಮಕರಣ ಮಾಡ್ತಾರಾ?"

ಅಂಕಲ್ ಜೋರಾಗಿ ನಕ್ಕರು. ಆಂಟಿ ನಗಲಿಲ್ಲ. ಬಡಿಸುತ್ತಿದ್ದ ಕೈ ನಿಲ್ಲಿಸಿ, ಕೇಸರಿಬಾತಿನ ಪಾತ್ರೆಗೆ ಮುಚ್ಚಳ ಮುಚ್ಚಿದರು.