ಉಯ್ಯಾಲೆ ಮಣೆಯ ಅಡಿಭಾಗ

ಒಣಗಿದ ಸುಣ್ಣಕ್ಕೂ ಒಂದು ವಾಸನೆಯಿದೆ ಅಂದರೆ ನೀವು ನಗಬಹುದು. ಇದೆ, ನೀರು ತಾಕಬೇಕು ಅಷ್ಟೆ. ಮೊನ್ನೆ ಕಡಕೊಳದ ನನ್ನ ಶೆಡ್ಡಿಗೆ ಯಾರದೋ ಕೆಡವಿದ ಮನೆಯ ಮರ ಬಂದಿತ್ತು. ಹಳೆಯ ಬಾಗಿಲು, ತೊಲೆ, ಕಿಟಕಿಗಳನ್ನು ತಂದು ಮೇಜು, ಬೆಂಚು, ಕಪಾಟು ಮಾಡುವುದು ನನ್ನ ಕಸುಬು. ಒಂದು ಮಾಡಿದಂತೆ ಇನ್ನೊಂದನ್ನು ಮಾಡುವುದಿಲ್ಲ ಎನ್ನುವುದು ನನ್ನ ಜಂಬ. ಒಂದು ಕಂಬವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ ಸೊಂಟದೆತ್ತರದಲ್ಲಿ ಬೆರಳಗಲದ ಬಿಳಿ ಗೀಟುಗಳು. ಯಾರೋ ಎಲೆಯಡಿಕೆ ಹಾಕಿಕೊಂಡು, ಬೆರಳಲ್ಲಿ ಮಿಕ್ಕ ಸುಣ್ಣವನ್ನು ವರ್ಷಗಟ್ಟಲೆ ಅಲ್ಲೇ ಒರೆಸಿದ್ದರು. ಬಟ್ಟೆ ಕೆಳಗಿಟ್ಟೆ. ಆ ಕಂಬವನ್ನು ಯಾರೂ ಮುಟ್ಟಬೇಡಿ ಎಂದು ಹೇಳಿ, ಗೋಡೆಗೆ ಆನಿಸಿ, ಸ್ವಲ್ಪ ಹೊತ್ತು ಅದರ ಎದುರಿಗೇ ಕೂತಿದ್ದೆ.

ಪುಟ್ಟತ್ತೆ ನಮ್ಮಪ್ಪನ ತಂಗಿ, ಸ್ಕೂಲಿನಲ್ಲಿ ಹೊಲಿಗೆ ಟೀಚರು. ಸರಸ್ವತಿಪುರಂನ ನಮ್ಮ ಮನೆಯ ಹಾಲಿನಲ್ಲಿ ಸರಪಳಿಗೆ ತೂಗುಬಿಟ್ಟ ಉಯ್ಯಾಲೆಯೊಂದಿತ್ತು, ಅಗಲವಾದ ತೇಗದ ಮಣೆ. ರಜೆಯ ದಿನ ಊಟವಾದ ಮೇಲೆ ಅದು ಅವಳದೇ ರಾಜ್ಯ. ಚಿಗುರೆಲೆಯ ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಮಡಿಸಿ ದವಡೆಗಿಟ್ಟ ಮೇಲೆ ಬೆರಳ ತುದಿಯಲ್ಲಿ ಚೂರು ಸುಣ್ಣ ಉಳಿಯುತ್ತಿತ್ತು. ಗೋಡೆಗೆ ಒರೆಸಿದರೆ ಅಜ್ಜಿ ಸುಮ್ಮನಿರುವವಳಲ್ಲ. "ಸುಣ್ಣ ಬಳಿಯೋಕೆ ಆಳು ಬರ್ತಾನೆ, ನೀನೇನು ಕಷ್ಟ ಪಡ್ಬೇಡ ಕಣಮ್ಮ" ಎಂದು ಚುಚ್ಚುತ್ತಿದ್ದಳು. ಹಾಗಾಗಿ ಪುಟ್ಟತ್ತೆ ಏನೂ ಅರಿಯದವಳಂತೆ ಬಲಗೈ ಇಳಿಬಿಟ್ಟು ಮಣೆಯ ಅಡಿಗೆ ಒರೆಸುತ್ತಿದ್ದಳು. ಯಾರಿಗೆ ಕಾಣಬೇಕು?

ನನಗೆ ಕಾಣುತ್ತಿತ್ತು. ಉಯ್ಯಾಲೆಯ ಕೆಳಗಿನ ತಣ್ಣನೆ ಕೆಂಪು ನೆಲದ ಮೇಲೆ ಅಂಗಾತ ಮಲಗುವುದು ನನ್ನ ಮಧ್ಯಾಹ್ನದ ಕೆಲಸ. ಸರಪಳಿ ಕಿರ್ ಕಿರ್ ಎನ್ನುತ್ತ, ಮಣೆ ಮುಖದ ಮೇಲೆ ಬಂದು ಹೋಗಿ ಮಾಡುತ್ತ, ಅವಳ ಕಾಲ ಹೆಬ್ಬೆರಳು ಆಗಾಗ ನೆಲವನ್ನು ಮೀಟುತ್ತ ಇರುತ್ತಿತ್ತು. ಗೀಟಿನ ಮೇಲೆ ಗೀಟು ಬಿದ್ದು ಸುಣ್ಣ ಪಾತ್ರೆಯ ತಳದ ಹಕ್ಕಳೆಯ ಹಾಗೆ ದಪ್ಪಗಾಗಿತ್ತು. ಅದರಲ್ಲಿ ನನಗೊಂದು ಆನೆ ಕಾಣುತ್ತಿತ್ತು. "ಅತ್ತೆ, ಇವತ್ತು ಆನೆಗೆ ಬಾಲ ಬಂತು!" ಎಂದು ಕೂಗಿದರೆ "ಶ್! ಬಾಯ್ಮುಚ್ಕೊಳೇ, ಅಜ್ಜಿಗೆ ಕೇಳುತ್ತೆ" ಅನ್ನುತ್ತ ಎಡಗೈ ಕೆಳಗಿಳಿದು ನನ್ನ ಬಾಯಿಗೆ ಕೊಬ್ಬರಿ ಸಕ್ಕರೆ ಹಾಕುತ್ತಿತ್ತು. ಲಂಚ! ಅಯ್ಯೋ, ಆ ಮಧ್ಯಾಹ್ನಗಳೆಲ್ಲ ಎಲ್ಲಿ ಹೋದವು? ನಿಮ್ಮ ಮನೆಯಲ್ಲೂ ಅಂಥದೊಂದು ಕೈ ಇದ್ದಿದ್ದರೆ ನಾನು ಹೇಳುವುದು ನಿಮಗೆ ಗೊತ್ತಾಗುತ್ತದೆ.

ಅಜ್ಜಿ ಹೋದಳು, ಅಪ್ಪ ಹೋದರು, ಮನೆ ಭಾಗವಾಗಿ ಮಾರಿಹೋಯಿತು. ಪುಟ್ಟತ್ತೆ ನನ್ನ ಜೊತೆ ಬಾಡಿಗೆ ಮನೆಗೆ ಬಂದಳು. ಅಷ್ಟು ಹೊತ್ತಿಗೆ ಅವಳ ಕಣ್ಣು ಪೂರ್ತಿ ಹೋಗಿತ್ತು. "ನಂಗೆ ಬೇರೇನೂ ಬೇಡ ಕಣೇ, ಆ ಮಣೆ ಒಂದು ತಂದ್ಬಿಡು. ಅದರ ಮೇಲೆ ಕೂತಿದ್ರೆ ನಮ್ಮನೇಲೇ ಇದ್ದ ಹಾಗೆ" ಅಂದಳು. ಸೂರಿಗೆ ಕೊಂಡಿ ಹಾಕಲು ಮನೆಯ ಮಾಲೀಕರು ಒಪ್ಪಲಿಲ್ಲ. ಊರವರಿಗೆಲ್ಲ ಮಾಡಿಕೊಡುವವಳು ಅತ್ತೆಗೆ ಮಾಡದಿರುತ್ತೇನೆಯೇ? ಮನೆ ಕೊಂಡವರನ್ನು ಕೇಳಿ ಮಣೆ ಬಿಚ್ಚಿಸಿ, ಅದನ್ನೇ ಬೆಂಚು ಮಾಡುತ್ತೇನೆಂದು ಶೆಡ್ಡಿಗೆ ಒಯ್ದೆ. ನಮ್ಮ ಹಿರಿಯ ಬಡಗಿ ಅಂತೋಣಪ್ಪ ಮಣೆಯನ್ನು ಮಗುಚಿ ಹಾಕಿ, "ಮೇಡಂ, ಅಡೀಲಿ ಸುಣ್ಣ ಮೆತ್ಕೊಂಡೈತೆ. ಕಾಣದ ಜಾಗ, ಅಂಗೇ ಬುಡ್ಲಾ?" ಎಂದು ಕೇಳಿದರು. ನಾನು ಫೋನಿನಲ್ಲಿದ್ದೆ. "ಎಲ್ಲಾ ತೆಗೆದ್ಬಿಡಿ ಅಂತೋಣಪ್ಪ, ನಮ್ಮತ್ತೇದು ಅದು, ಒಂದು ಕಲೆ ಇರ್ಬಾರ್ದು" ಅಂದೆ. ಮೆಷಿನ್ನು ಓಡಿತು. ತಲೆಗೆಲ್ಲ ಬಿಳಿ ಧೂಳು ಕೂತಿತು, ಕೊಡವಿಕೊಂಡೆ. ಆನೆ ನೆನಪಿಗೇ ಬರಲಿಲ್ಲ, ನನ್ನ ಬುದ್ಧಿಗಿಷ್ಟು!

ಬೆಂಚು ಬಂದ ದಿನ ಪುಟ್ಟತ್ತೆ ಹಬ್ಬದ ಸೀರೆ ಉಟ್ಟಿದ್ದಳು. ಕೂತಳು, ಮಣೆಯ ಮೇಲೆಲ್ಲ ಅಂಗೈ ಆಡಿಸಿದಳು. ಆಮೇಲೆ ಬಲಗೈ ತಾನಾಗಿ ಕೆಳಗಿಳಿಯಿತು. ಬೆರಳುಗಳು ಅಡಿಯಲ್ಲಿ ತಡಕಾಡಿದವು, ಆ ತುದಿಯಿಂದ ಈ ತುದಿಗೆ. ಆಗ ನನಗೆ ಹೊಳೆಯಿತು. "ಅತ್ತೆ, ಅದೇ ಮಣೆ. ಗೊತ್ತಾಗದೆ ನಾನೇ ಉಜ್ಜಿಸ್ಬಿಟ್ಟೆ" ಅಂದೆ. ಅವಳು ನಕ್ಕಳು. "ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಕಣೇ. ಸಿಗ್ಲಿಲ್ಲ ಅಂದ್ರೆ ಸಿಗ್ಲಿಲ್ಲ ಅನ್ನು. ಇದೂ ಚೆನ್ನಾಗೇ ಇದೆ. ಪಾಪ, ಯಾರ ಮನೇದೋ ಏನೋ." ಆಣೆ ಇಟ್ಟೆ. ಅತ್ತೆ ನಂಬಲಿಲ್ಲ. ಅಂದಿನಿಂದ ಅವಳು ಬೆಂಚಿನ ತುದಿಯಲ್ಲೇ ಕೂರುತ್ತಿದ್ದಳು, ನೆಂಟರ ಮನೆಗೆ ಬಂದವರು ಕೂರುವ ಹಾಗೆ. ಸುಣ್ಣದ ಬೆರಳಿಗೆಂದು ಮಡಿಲಲ್ಲಿ ಒಂದು ಹಳೇ ಬಟ್ಟೆ ಚೂರು ಇಟ್ಟುಕೊಂಡಳು.

ಅವಳ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮಧ್ಯಾಹ್ನ, ನಾನು ಬಾಗಿಲು ಹಾಕಿಕೊಂಡು ಬೆಂಚಿನ ಕೆಳಗೆ ಅಂಗಾತ ಮಲಗಿದೆ. ಐವತ್ತು ದಾಟಿದ ಹೆಂಗಸು ಮಾಡುವ ಕೆಲಸವಲ್ಲ, ಗೊತ್ತು. ಒಂದು ದಿನವಾದರೂ ಮರೆತು, ಹಳೇ ಅಭ್ಯಾಸದಲ್ಲಿ, ಒಂದೇ ಒಂದು ಸಲ ಒರೆಸಿರಬಹುದೆಂದು ಆಸೆ. ಫೋನಿನ ಬೆಳಕು ಬಿಟ್ಟು ಮೂಲೆಮೂಲೆ ಹುಡುಕಿದೆ. ಅಂತೋಣಪ್ಪ ಉಜ್ಜಿಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು. ಬೇರೆಯವರ ಮನೆಯ ಸಾಮಾನು ಕೊಳೆ ಮಾಡುವವಳಲ್ಲ ನಮ್ಮತ್ತೆ.