ಗಾಜಿನ ಮನೆಯಲ್ಲಿ ಕುಸುಬಿ ಎಣ್ಣೆ

ಎತ್ತುಗಳ ಹಬ್ಬವಾದ ಕಾರಹುಣ್ಣಿಮೆಯ ಮರುದಿನ ಬೆಳಿಗ್ಗೆ ಒಂಬತ್ತೂ ಕಾಲಿಗೆ ನಾನು ಗಾಜಿನ ಮನೆಯ ನಡುಕೋಣೆಯಲ್ಲಿ, ನೀರಿನ ತೊಟ್ಟಿಗೆ ಬೆನ್ನು ಮಾಡಿ ನಿಂತಿದ್ದೆ. ಎಡಕ್ಕೆ ಮರುಭೂಮಿಯ ಕೋಣೆ, ಬಲಕ್ಕೆ ತಂಪಿನ ಕೋಣೆ. ಎರಡರ ಬಾಗಿಲುಗಳೂ ತೆರೆದಿದ್ದವು. ಆದ್ದರಿಂದ ಮೂರೂ ಕಡೆ ನಡೆದದ್ದು ನನಗೆ ಕಾಣುತ್ತಿತ್ತು. ಕಾಣಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

ರಾಮದುರ್ಗದ ಹತ್ತಿರ, ಮಲಪ್ರಭೆಯ ದಂಡೆಯಲ್ಲಿದ್ದ ಒಂದು ಸಣ್ಣ ಸಸ್ಯೋದ್ಯಾನ ಅದು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ರಜೆಯಲ್ಲಿ ಬಂದು ಗಿಡಗಳಿಗೆ ಹೆಸರಿನ ಫಲಕ ಬರೆದುಕೊಡುತ್ತಿದ್ದೆ. ಗಿಡಗಳನ್ನು ಬದುಕಿಸಿಟ್ಟವನು ಮಾಲಿ. ಸಂಗೊಳ್ಳಿಯವನು, ನಲವತ್ತರ ಆಸುಪಾಸು. ಹನ್ನೊಂದು ವರ್ಷದಿಂದ ದಿನಗೂಲಿಯ ಮೇಲಿದ್ದ. ಆ ವರ್ಷ ಅವನನ್ನು ಕಾಯಂ ಮಾಡುವ ಕಾಗದ ಮೇಲಿನ ಕಚೇರಿಗೆ ಹೋಗಿತ್ತು. ಕೆಲಸದಲ್ಲಿ ಒಂದು ತಪ್ಪು ಬರೆಯಿಸಿಕೊಂಡರೂ ಆ ಕಾಗದ ಹಿಂದಕ್ಕೆ ಬರುತ್ತಿತ್ತು. ಇದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೊರಗೆ ಎರೆಹೊಲ ಬಿರುಕು ಬಿಟ್ಟಿರುವಾಗ ಒಳಗೆ ಜರೀಗಿಡಗಳನ್ನು ಹಸಿರಾಗಿಡುವುದು ಸುಲಭವಲ್ಲ. ತಂಪಿನ ಕೋಣೆಗೆ ಅವನು ಗೋಣಿಚೀಲ ಕಟ್ಟಿ ದಿನಕ್ಕೆ ಆರು ಸಲ ತೋಯಿಸುತ್ತಿದ್ದ. ಮರುಭೂಮಿಯ ಕೋಣೆಯಲ್ಲಿ ಮೈತುಂಬ ಬಿಳಿಕೂದಲಿನ ಒಂದು ಕಳ್ಳಿ ಇತ್ತು. ಅದನ್ನು ಅವನು ‘ಮುತ್ಯಾ’, ಅಂದರೆ ಅಜ್ಜ, ಎನ್ನುತ್ತಿದ್ದ. ತಿಂಗಳಿಗೊಮ್ಮೆ ಮಾತ್ರ ಅದಕ್ಕೆ ನೀರು. “ಮುತ್ಯಾಗ ನೀರಡಿಕಿ ಕಡಿಮಿರಿ, ಸಿಟ್ಟು ಜಾಸ್ತಿ” ಎಂದು ಮುಳ್ಳು ಚುಚ್ಚಿದ ಬೆರಳು ತೋರಿಸಿ ನಗುತ್ತಿದ್ದ.

ಅಂದು ಹನ್ನೊಂದಕ್ಕೆ ದೊಡ್ಡವರೊಬ್ಬರು ನೋಡಲು ಬರುವುದಿತ್ತು. ಉದ್ಯಾನದ ಮೇಲ್ವಿಚಾರಕರು ಒಂದು ಡಬ್ಬಿ ಕುಸುಬಿ ಎಣ್ಣೆ, ಹಳೆಯ ಧೋತರದ ತುಂಡು ಹಿಡಿದು, ಇಬ್ಬರು ಕೂಲಿಯವರನ್ನು ಕರೆದುಕೊಂಡು ಒಳಗೆ ಬಂದರು.

“ನಿನ್ನಿ ನಮ್ಮ ಎತ್ತು ನೋಡಬೇಕಿತ್ರಿ ಸರ್ರ ನೀವು” ಎಂದರು ನನಗೆ. “ಮೈ ತೊಳದು, ಕೋಡಿಗೆ ಎಣ್ಣಿ ಸವರಿ ಬಿಟ್ಟೇನಿ, ಓಣಿ ಮಂದಿ ನಿಂತು ನೋಡಿತು. ಇವೂ ಹಂಗ ಮಿಂಚಬೇಕು. ಎಲಿ ಎಲಿಗೂ ಹಚ್ರಿ.”

ಮಾಲಿ ಡಬ್ಬಿಯ ಮುಂದೆ ಬಂದು ನಿಂತ. “ಸಾಹೇಬ್ರ, ಕೋಡು ಉಸರಾಡಂಗಿಲ್ರಿ. ಎಲಿ ಉಸರಾಡತಾವ್ರಿ. ಈ ಬಿಸಲಾಗ ಎಣ್ಣಿ ಹಚ್ಚಿದ್ರ ಕರದಂಗ ಆಗತೈತ್ರಿ.”

“ಹಂಗೇನು? ಮೂಗು ಎಲ್ಲೈತಿ ತೋರಸಪಾ, ಅದೊಂದು ಬಿಟ್ಟು ಹಚ್ಚೂಣು.”

ಕೂಲಿಯವರು ನಕ್ಕರು. ಮಾಲಿ ನನ್ನ ಕಡೆ ನೋಡಿದ. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ ಎಂದು ಅವನಿಗೆ ಹೇಳಿಕೊಟ್ಟವನು ನಾನೇ. ನಾನು ಕೈಯಲ್ಲಿದ್ದ ಫಲಕವನ್ನು ತಿರುಗಿಸಿ ಬಣ್ಣ ಒಣಗಿದೆಯೇ ಎಂದು ನೋಡಿದೆ. ಅದು ಹಿಂದಿನ ದಿನವೇ ಒಣಗಿತ್ತು.

ಎಲ್ಲಕ್ಕೂ ಹಚ್ಚಿದರು. ಜರೀಗಿಡಗಳ ಗರಿಗಳನ್ನು ಬೆರಳುಗಳ ನಡುವೆ ಎಳೆದು ಸವರಿದರು. ಕೊನೆಗೆ ಮುತ್ಯಾನ ತಲೆಯ ಮೇಲೆ ಮೇಲ್ವಿಚಾರಕರೇ ಎಣ್ಣೆ ಸುರಿದು, “ಮದಿವಿ ಗಂಡು ಆದ ನೋಡ್ರಿ” ಎಂದರು. ಬಿಳಿಕೂದಲು ಹಳದಿಯಾಗಿ, ಜಡೆಗಟ್ಟಿ, ಮೈಗೆ ಅಂಟಿತು.

ದೊಡ್ಡವರು ಬಂದರು. ಒಳಗೆ ನಿಂತದ್ದು ನಾಲ್ಕು ನಿಮಿಷ. ಒಂದು ಎಲೆ ಮುಟ್ಟಿ, ಬೆರಳನ್ನು ಜೊತೆಯವನ ಕರವಸ್ತ್ರಕ್ಕೆ ಒರೆಸಿ, “ಛಲೋ ಅದಾವು. ಎಲ್ಲಿಂದ ತರಿಸೀರಿ ಈ ಪ್ಲಾಸ್ಟಿಕ್ ಗಿಡ? ನಮ್ಮ ಮನಿಗೂ ನಾಕು ಬೇಕಾಗಿದ್ದು” ಎಂದರು.

“ಕಳಸತೇನ್ರಿ ಸಾಹೇಬ್ರ” ಎಂದರು ಮೇಲ್ವಿಚಾರಕರು.

ಮಳೆ ಇನ್ನೂ ಬಿದ್ದಿರಲಿಲ್ಲ. ಮೂರನೆಯ ದಿನ ಬಾಗಿಲು ತೆರೆದಾಗ ಬಂದ ವಾಸನೆ ನನಗೆ ಈಗಲೂ ಊಟದ ನಡುವೆ ಬರುತ್ತದೆ: ವಾರಗಟ್ಟಲೆ ಭಜಿ ಕರಿದ ಬಾಣಲೆಯ ಹಳಸಲು, ಅದರ ಕೆಳಗೆ ಕೊಳೆತ ಸೊಪ್ಪು. ಎಲೆಗಳ ಮೇಲೆ ಧೂಳು ಕೂತು ಕೆಸರಾಗಿತ್ತು. ಅದರಲ್ಲಿ ನೊಣಗಳು ಸಿಕ್ಕಿಕೊಂಡು, ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ಜರೀಗಿಡಗಳು ಕಪ್ಪಾಗಿ ಒಂದಕ್ಕೊಂದು ಮೆತ್ತಿಕೊಂಡಿದ್ದವು. ಮುತ್ಯಾನನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಬೆರಳು ಒಳಗೆ ಹೋಯಿತು. ಹೊರಬಂದದ್ದು ಕೀವಿನಂಥ ದ್ರವ. ತೊಟ್ಟಿಯ ಬಳಿ ಹೋಗಿ ವಾಂತಿ ಮಾಡಿದೆ.

ಮಾಲಿ ಅಂಟವಾಳಕಾಯಿ ನೆನೆಸಿದ ನೀರಿನಲ್ಲಿ ಒಂದೊಂದೇ ಎಲೆ ತೊಳೆಯುತ್ತಿದ್ದ. ಎರಡು ದಿನದಿಂದ ಅದೇ ಕೆಲಸ. ನೆಲವೆಲ್ಲ ಒದ್ದೆ. ಮರುಭೂಮಿಯ ಕೋಣೆಯ ಮರಳು ಕೂಡ ತೊಯ್ದಿತ್ತು. ಅದು ಆಗಬಾರದೆಂದು ಅವನಿಗೆ ಗೊತ್ತಿತ್ತು. ಎಣ್ಣೆ ತೆಗೆಯಲು ಬೇರೆ ದಾರಿ ಇರಲಿಲ್ಲ.

ಹತ್ತನೆಯ ದಿನ ಪಂಚನಾಮೆ ಆಯಿತು. ಇಬ್ಬರು ಪಂಚರು ಬೇಕಿತ್ತು. ಒಬ್ಬ ಗೇಟಿನ ಚಹಾದಂಗಡಿಯವನು, ಇನ್ನೊಬ್ಬ ನಾನು. ಕಾಗದದಲ್ಲಿ ಹೀಗಿತ್ತು: ಮಾಲಿಯು ಅಳತೆ ಮೀರಿ ನೀರು ಹಾಕಿದ್ದರಿಂದ ಗಿಡಗಳು ಕೊಳೆತಿವೆ, ಮರಳು ಒದ್ದೆಯಾಗಿರುವುದನ್ನು ಪಂಚರು ಕಣ್ಣಾರೆ ಕಂಡಿದ್ದಾರೆ. ಎಣ್ಣೆ ಎಂಬ ಪದ ಎಲ್ಲಿಯೂ ಇರಲಿಲ್ಲ.

“ಮಾಸ್ತರ ಸಹಿ ಮಾಡಿದ್ರ ನಂದೇನು ತಕರಾರಿಲ್ರಿ” ಎಂದ ಚಹಾದವನು.

“ಇದು ಬರೀ ಕಾಗದಕ್ಕರಿ ಸರ್ರ. ಒಬ್ಬಾಂವಂದು ಹೆಸರು ಬರೀಬೇಕಲ್ಲ” ಎಂದರು ಮೇಲ್ವಿಚಾರಕರು. ಚಹಾ ತರಿಸಿದರು.

ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಬರೆದ ಮಾತಿನಲ್ಲಿ ಒದ್ದೆ ಮರಳು ನಿಜ, ಕೊಳೆತದ್ದೂ ನಿಜ. ಸಹಿ ಮಾಡಿದೆ. ಯಾರೂ ಹೆದರಿಸಲಿಲ್ಲ. ಕಾರಣ ಹುಡುಕುತ್ತ ಬಹಳ ದಿನ ಕಳೆದಿದ್ದೇನೆ. ಸಿಕ್ಕದ್ದು ಇಷ್ಟೇ: ಚಹಾ ಆರುತ್ತಿತ್ತು, ಮಾತು ಬೆಳೆಯುವುದು ನನಗೆ ಬೇಕಿರಲಿಲ್ಲ. ಮುತ್ಯಾನ ಮೈಯಿಂದ ಬಂದ ದ್ರವಕ್ಕಿಂತ ಇದು ನನಗೆ ಹೆಚ್ಚು ಹೇಸಿಗೆ ತರುತ್ತದೆ.

ಕಾಯಂ ಮಾಡುವ ಕಾಗದ ಹಿಂದಕ್ಕೆ ಬಂತು. ಮುಂದಿನ ತಿಂಗಳಿಂದ ದಿನಗೂಲಿಯೂ ಇಲ್ಲವೆಂದರು. ಖಾಲಿ ಕುಂಡಗಳಲ್ಲಿ ಪ್ಲಾಸ್ಟಿಕ್ ಗಿಡ ತಂದು ನಿಲ್ಲಿಸಿದರು. ನನ್ನ ಫಲಕಗಳು ಇದ್ದಲ್ಲೇ ಇದ್ದವು.

ಕೆಲವು ವರ್ಷದ ನಂತರ ಬೈಲಹೊಂಗಲ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕ. ಕೈಯಲ್ಲಿ ಮಾವಿನ ಕಸಿಗಿಡಗಳ ಕಟ್ಟು.

“ಆರಾಮ ಅದೀರೇನ್ರಿ ಸರ್ರ?”

“ಆರಾಮ.”

ಅವನು ಕಟ್ಟನ್ನು ನೆರಳಿಗೆ ಇಟ್ಟ. ಆಮೇಲೆ ಕೇಳಿದ: “ಒಂದ ಮಾತು ಕೇಳತೇನ್ರಿ. ಓದಿ ಸಹಿ ಮಾಡಿದ್ರೋ, ಓದಲಾರದನೋ?”

“ಓದಿದೆ. ಎರಡು ಸಲ.”

ಅವನು ತಲೆಯಾಡಿಸಿದ. ಸಂಗೊಳ್ಳಿ ಬಸ್ಸು ಬಂತು. ಸಸಿಗಳು ಬಾಗಿಲಿಗೆ ತಾಗದಂತೆ ಎತ್ತಿ ಹಿಡಿದು ಹತ್ತಿದ. ತಿರುಗಿ ನೋಡಲಿಲ್ಲ.

ಮೇಲ್ವಿಚಾರಕರು ಈಗಿಲ್ಲ. ಎಣ್ಣೆ ಹಚ್ಚಿದ್ದನ್ನು ಕಂಡವರಲ್ಲಿ ಬದುಕಿರುವವರು ಇವರು: ಸವದತ್ತಿಯಲ್ಲಿ ಟೆಂಪೋ ಓಡಿಸುವ, ಆ ಇಬ್ಬರು ಕೂಲಿಯವರಲ್ಲೊಬ್ಬ; ಸಂಗೊಳ್ಳಿಯಲ್ಲಿರುವ ಮಾಲಿ; ನೀರಿನ ತೊಟ್ಟಿಯ ಬಳಿ ನಿಂತಿದ್ದ ನಾನು.